ಬಾವಿಯ ಗೋಡೆಯಾಚೆಯ ಸದ್ದು

ದೆವ್ವ, ಶಕುನ, ಮೈಮೇಲೆ ಬರುವ ದೇವರು, ಇಂಥ ಮಾತು ಶುರುವಾದರೆ ನಾನು ಮೆಲ್ಲಗೆ ಎದ್ದು ಒಲೆಯ ಕಡೆ ಹೋಗಿಬಿಡುತ್ತಿದ್ದೆ. ಹೆದರಿಕೆಯಿಂದಲ್ಲ, ನಗು ಬಂದು ಯಾರ ಮನಸ್ಸನ್ನಾದರೂ ನೋಯಿಸಿಬಿಟ್ಟೇನೆಂದು. ನಾನು ಬೆಳಗಾವಿಯ ಕ್ಯಾಂಪಿನಲ್ಲಿ ಕ್ರೈಸ್ತ ಸಿಸ್ಟರುಗಳ ಸಾಲೆಯಲ್ಲಿ ಓದಿದವಳು. ಕಾಣದ ಪ್ರತಿಯೊಂದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವಷ್ಟು ತಾಳ್ಮೆ ನಮಗಿರಬೇಕು ಎಂದು ನಂಬಿದವಳು. ಈಗಲೂ ಬಹುಮಟ್ಟಿಗೆ ಹಾಗೆಯೇ ನಂಬುತ್ತೇನೆ. ಆದರೆ ಒಂದು ದಿನದ ಸಂಗತಿ ಮಾತ್ರ ಆ ನಂಬಿಕೆಯೊಳಗೆ ಕೂಡಲೊಲ್ಲದೆ ಇಷ್ಟು ವರ್ಷ ಹೊರಗೇ ನಿಂತಿದೆ. ಅದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಂಬಲೇಬೇಕೆಂದಿಲ್ಲ. ಬೇರೆಯವರ ಬಾಯಿಂದ ಕೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನನ್ನು ಕೊಟ್ಟದ್ದು ಬೈಲಹೊಂಗಲಕ್ಕೆ. ಮನೆಯಲ್ಲಿ ಅತ್ತೆ, ಮಾವ, ನಮ್ಮ ಮನೆಯವರು. ಮೈದುನ ಶಿವಲಿಂಗ ಮೀಸೆ ಮೂಡುವ ಮೊದಲೇ ಮನೆ ಬಿಟ್ಟು ಮುಂಬಯಿಗೆ ಓಡಿಹೋಗಿ ಹಡಗು ಸೇರಿದ್ದ. ಅವನು ಸತ್ತನೋ ಇದ್ದಾನೋ ಎಂದು ಮಂದಿ ಮಾತಾಡುತ್ತಿದ್ದಾಗಲೇ, ಆ ಮೊದಲ ದೊಡ್ಡ ಯುದ್ಧ ಮುಗಿದ ಮೇಲೆ, ಒಂದು ಮಧ್ಯಾಹ್ನ ಸಂತೆಯಿಂದ ಬಂದವನಂತೆ ಬಾಗಿಲಲ್ಲಿ ಬಂದು ನಿಂತ. ಮೈ ಸೊರಗಿತ್ತು. ಹುಬ್ಬಿನ ಕೂದಲು ಅರ್ಧ ಸುಟ್ಟಿತ್ತು. ಯುದ್ಧದ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಮಾಡಿ ಬಂದಿದ್ದ.

ಸಂಜೆ ಕಟ್ಟೆಯ ಮೇಲೆ ಕೂತರೆ ಅವನದು ಒಂದೇ ಕತೆ, ನೀರೊಳಗಿನ ಹಡಗಿನದು. ಸಬ್‌ಮರೀನ್ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವನಿಂದಲೇ. ಮೀನಿನ ಹಾಗೆ ಮುಳುಗಿಕೊಂಡೇ ಬಂದು ಮೇಲಿನ ಹಡಗಿನ ಹೊಟ್ಟೆ ಸೀಳಿ ಹೋಗುತ್ತಿತ್ತಂತೆ. ಹಾಗಾದರೆ ಅದನ್ನು ಹುಡುಕುವುದು ಹೇಗೆ ಎಂದು ಕೇಳಿದೆ.

“ಕಣ್ಣಿನ ಕೆಲಸ ಅಲ್ಲರಿ ವೈನಿ ಅದು,” ಅಂದ. “ಸಮುದ್ರದಾಗ ಚೂರು ಕೆಳಗ ಹೋದ್ರ ಬರೇ ಕತ್ತಲಿ. ಅಲ್ಲೇನಿದ್ರೂ ಕಿವಿದ ರಾಜ್ಯ. ಗಾಳ್ಯಾಗ ಹೋಗೂಕಿಂತ ನೀರಾಗ ಸಪ್ಪಳ ಭಾಳ ಜೋರ ಓಡ್ತೈತಿ, ಭಾಳ ದೂರ ಹೋಗ್ತೈತಿ.”

ಅವನು ಹೇಳಿದ್ದು ಹೀಗೆ. ಅನುಮಾನ ಬಂದ ಕೂಡಲೇ ಮೊದಲು ತಮ್ಮ ಹಡಗನ್ನೇ ನಿಲ್ಲಿಸಬೇಕು. ಎಂಜಿನ್ ಬಂದ್. ಪಂಪು ಬಂದ್. ಅಡಿಗೆಯವನು ಸೌಟು ಕೆಳಗಿಡಬೇಕು. ಬೂಟು ಹಾಕಿ ಯಾರೂ ನಡೆಯುವಂತಿಲ್ಲ. ತನ್ನ ಸಪ್ಪಳ ತಾನು ನುಂಗದ ಹಡಗಿಗೆ ಬೇರೆಯವರ ಸಪ್ಪಳ ಕೇಳಿಸುವುದಿಲ್ಲ. ಆಮೇಲೆ ತೆಳು ತಗಡು ಬಿಗಿದ ಒಂದು ಡಬ್ಬಿಯನ್ನು ನೀರಿಗೆ ಇಳಿಬಿಡುತ್ತಾರೆ. ಅದರಿಂದ ಮೇಲೆ ಬಂದ ಎರಡು ನಳಿಗೆಗಳನ್ನು ಒಬ್ಬ ತನ್ನ ಎರಡು ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ. ಬಲಗಿವಿಯಲ್ಲಿ ಸದ್ದು ಜೋರಾದರೆ ವೈರಿ ಬಲಕ್ಕೆ, ಎಡದಲ್ಲಿ ಜೋರಾದರೆ ಎಡಕ್ಕೆ. ಎರಡರಲ್ಲೂ ಸಮ ಆಗುವ ತನಕ ತಿರುಗಿಸುತ್ತ ಹೋದರೆ ಅವನು ನೆಟ್ಟಗೆ ಎದುರಿಗೆ. ಈ ಕೆಲಸಕ್ಕೆ ಹಾಡು ವಾದ್ಯ ಬಲ್ಲವರನ್ನು ಹುಡುಕಿ ಹುಡುಕಿ ತರುತ್ತಿದ್ದರಂತೆ. ಮೀನಿನ ಹಿಂಡಿನ ಚಿಟಪಟ ಯಾವುದು, ತಿಮಿಂಗಿಲದ ಉಸಿರು ಯಾವುದು, ಸಬ್‌ಮರೀನನ್ನು ತಳ್ಳುವ ಪಂಖದ ತಾಳ ಯಾವುದು ಎಂದು ಬೇರ್ಪಡಿಸುವ ಕಿವಿ ಬೇಕಲ್ಲ. ಶಿವಲಿಂಗನಿಗೂ ಒಬ್ಬ ಒಳ್ಳೆಯ ಸಾಹೇಬ ಒಮ್ಮೆ ಆ ನಳಿಗೆ ಕೊಟ್ಟಿದ್ದನಂತೆ.

“ಕೆಳಗಿನಾಂವಗೂ ಗೊತ್ತಿರತೈತಿ, ಮ್ಯಾಲಿನವ್ರು ಕೇಳಾಕತ್ತಾರಂತ. ಅಂವನೂ ಎಂಜಿನ್ ನಿಂದ್ರಸಿ ಸುಮ್ಮನಾಗ್ತಾನ. ಇಂವಾ ಉಸಿರ ಹಿಡದು ಕೂತಿರ್ತಾನ, ಅಂವಾ ಉಸಿರ ಹಿಡದು ಕೂತಿರ್ತಾನ. ನಡುವ ಬರೇ ನೀರು. ಅದಕ್ಕಿಂತ ದೊಡ್ಡ ಹೆದರಿಕಿ ನಾ ಮತ್ತೊಂದ ಕಂಡಿಲ್ಲರಿ.”

ಯುದ್ಧದ ಕೊನೆಗೆ ಸಾಹೇಬರ ನಡುವೆ ಇನ್ನೊಂದು ಹೊಸ ಮಾತು ಓಡಾಡುತ್ತಿತ್ತಂತೆ. ವೈರಿ ಸದ್ದು ಮಾಡಲಿ ಎಂದು ಕಾಯುವುದೇಕೆ, ನಾವೇ ನೀರೊಳಗೆ ಒಂದು ಸದ್ದು ಕಳಿಸಿದರೆ ಅದು ಅವನ ಕಬ್ಬಿಣದ ಮೈಗೆ ಬಡಿದು ಹೊಳ್ಳಿ ಬರುತ್ತದೆ, ಬರಲು ಎಷ್ಟು ಹೊತ್ತಾಯಿತೆಂದು ನೋಡಿದರೆ ಎಷ್ಟು ದೂರ ಇದ್ದಾನೆಂದು ತಿಳಿಯುತ್ತದೆ ಎಂದು. ಅದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಈಗ ಅದಕ್ಕೆ ಸೋನಾರ್ ಎಂದು ಹೆಸರಿಟ್ಟಿದ್ದಾರೆಂದು ಓದುತ್ತೇನೆ. ಆಗ ನಮಗೆ ಅದೊಂದು ಕಟ್ಟೆಯ ಕತೆ, ಅಷ್ಟೇ.

ಅತ್ತೆ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡು, “ಮನ್ಯಾಗ ನಾ ಬಾಯಿ ಹರಕೊಂಡ್ರೂ ಇಂವಗ ಕೇಳಸಂಗಿಲ್ಲ, ಸಮುದ್ರದ ತಳದಾಗಿಂದು ಕೇಳಸ್ತಿತ್ತಂತ!” ಎಂದರು.

“ನೀ ಕೂಗೂದು ಕೆಲಸಕ್ಕಬೇ. ಊಟಕ್ಕ ಕೂಗಿ ನೋಡು,” ಅಂದ.

ನಾವೆಲ್ಲ ನಕ್ಕೆವು. ಆದರೆ ನಾನು ಒಂದನ್ನು ಗಮನಿಸಿದ್ದೆ. ಹಿಂದಿನಿಂದ ಮಾತಾಡಿಸಿದರೆ ಅವನು ತಿರುಗುತ್ತಿರಲಿಲ್ಲ. ಎದುರಿಗಿದ್ದರೆ ನಮ್ಮ ತುಟಿ ನೋಡುತ್ತಿದ್ದ.

ಮಾವನವರಿಗೆ ಸವದತ್ತಿಯ ಕಡೆ ಹೂಲಿಯಲ್ಲಿ ಹಿರಿಯರಿಂದ ಬಂದ ಹೊಲ ಇತ್ತು. ಆ ಊರಲ್ಲಿ ಹಳೆಯ ಗುಡಿಗಳಿಗೆ ಲೆಕ್ಕವಿಲ್ಲ. ನಮ್ಮ ಹೊಲದ ಬಾವಿಯೂ ಆ ಗುಡಿಗಳ ಕಾಲದ್ದೇ, ನಾಲ್ಕು ಮೂಲೆಯದು, ಗುಡ್ಡದ ಬುಡದಲ್ಲಿ ಬಂಡೆ ಕೊರೆದು ಒಳಗೆ ಕಲ್ಲಿನ ಗೋಡೆ ಎಬ್ಬಿಸಿದ್ದು. ಪಡುವಣ ಕಡೆ ಮೆಟ್ಟಿಲು. ಮೂಡಣ ಗೋಡೆಯಲ್ಲಿ ನೀರಿನ ಕೆಳಗೆ ಒಂದು ಕಮಾನಿನ ಬಾಯಿ. ಸೆಲೆಯ ನೀರು ಅಲ್ಲಿಂದಲೇ ಬರುತ್ತಿತ್ತು. ಆ ಬಾಯಿಯ ಹಿಂದೆ ಏನಿದೆ ಎಂದು ಕಂಡವರು ಯಾರೂ ಇರಲಿಲ್ಲ. ಪ್ರತಿ ಬೇಸಿಗೆ ಮಳೆಗೆ ಮೊದಲು ಹೂಳು ತೆಗೆಯಲು ನಾವೆಲ್ಲ ಗಾಡಿ ಕಟ್ಟಿಕೊಂಡು ಹೋಗಿ ಹೊಲದ ಮನೆಯಲ್ಲಿ ಇರುತ್ತಿದ್ದೆವು.

ಆ ಬೇಸಿಗೆ ನೀರು ಇಳಿದು ಕಮಾನಿನ ನೆತ್ತಿ ಕಾಣುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ನೀರಿಗಿಳಿದದ್ದು ನಮ್ಮ ಮನೆಯವರೇ. ಮಲಪ್ರಭೆಯಲ್ಲಿ ಈಜು ಕಲಿತವರು, ನೀರೆಂದರೆ ಅವರಿಗೆ ಹಾಸಿಗೆ ಇದ್ದ ಹಾಗೆ. ಬಾಯಿಯ ಹೂಳು ಬಾಚಿ ಹಾಕಿದ ಮೇಲೆ ತಲೆ ಹಾಕಿ ನೋಡಿ, “ಒಳಗ ದಾರಿ ಐತಿ, ಉಸಿರಾಡಾಕ ಜಾಗಾನೂ ಐತಿ” ಎಂದು ಕೂಗಿ ಹೇಳಿ ಒಳಗೆ ತೆವಳಿದರು. ನಾನು ಮೇಲೆ ರೊಟ್ಟಿಯ ಬುಟ್ಟಿ ಇಳಿಸುತ್ತಿದ್ದೆ. ಅವರ ಅಂಗಾಲು ಬೆಳ್ಳಗೆ ಒಮ್ಮೆ ಕಂಡಿತು. ಸ್ವಲ್ಪ ಹೊತ್ತಿಗೆ ನೆಲದ ಒಳಗಿಂದ ಗುಡುಗುಡು ಎಂಬ ಒಂದು ಸದ್ದು ಬಂತು. ಬಾವಿಯ ನೀರೆಲ್ಲ ಒಮ್ಮೆಲೇ ಕೆಂಪಾಯಿತು. ಕಮಾನು ಕಾಣಲಿಲ್ಲ. ಒಳಗಿನ ಕಲ್ಲು ಮಣ್ಣು ಕುಸಿದು ಬಾಯಿಯನ್ನು ಮುಚ್ಚಿಬಿಟ್ಟಿತ್ತು.

ಆಮೇಲಿನದು ನನಗೆ ಚೂರುಚೂರಾಗಿ ನೆನಪಿದೆ. ಧುಮುಕಿದವರು ಬರಿಗೈಯಲ್ಲಿ ಮೇಲೆ ಬಂದದ್ದು. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಕೊಕ್ಕೆಗಳನ್ನು ಇಳಿಬಿಟ್ಟಾಗ ಅವು ಬರೀ ಕೆಸರು ಕಚ್ಚಿಕೊಂಡು ಬಂದದ್ದು. ಯಾರೋ ಎತ್ತು ಹೂಡಿ ನೀರೆತ್ತಲು ಶುರು ಮಾಡಿದ್ದು, ಗಡಗಡಿಯ ಕಿರಗುಟ್ಟುವಿಕೆ. ಅತ್ತೆಯ ಹಾಡಿ ಅಳುವ ದನಿ. ಊರ ಹೆಂಗಸರು ಆಗಲೇ ನನ್ನ ಮಗ್ಗುಲಿಗೆ ಬಂದು ಕೂತಿದ್ದರು. ಒಬ್ಬಾಕೆ ನನ್ನ ಕೈ ಹಿಡಿದು ಬಳೆಗಳನ್ನು ಸವರುತ್ತಿದ್ದಳು. ಆ ಸವರುವಿಕೆಯ ಅರ್ಥ ನನಗೆ ತಿಳಿಯಿತು. ಕೈ ಕಿತ್ತುಕೊಂಡೆ.

ಕಲ್ಲುಕೆಲಸದ ಗಿರಿಯಪ್ಪ ಎನ್ನುವವರು ಬಂದು ಬಾವಿ ನೋಡಿದರು. ಬಾಯಿಯಿಂದ ಒಳಗೆ ಹೋಗುವಂತಿಲ್ಲ, ಗೋಡೆ ಒಡೆದೇ ಹೋಗಬೇಕು ಎಂದರು. ಆದರೆ ಗೋಡೆಗೆ ಸುಣ್ಣವಿಲ್ಲ, ಕಲ್ಲಿನ ಮೇಲೆ ಕಲ್ಲು ಕೂತದ್ದು. ಒಂದು ಕಡೆ ಮಾತ್ರ ಒಡೆಯಬಹುದು. ತಪ್ಪು ಕಡೆ ಒಡೆದರೆ ಇಡೀ ಗೋಡೆ ಕೂರುತ್ತದೆ, ಒಳಗಿದ್ದವರ ಮೇಲೆಯೇ. ದಾರಿ ನೆಟ್ಟಗೆ ಮೂಡಣಕ್ಕೆ ಹೋಗಿರಬೇಕು, ಕಮಾನಿನ ಮೇಲೆಯೇ ಒಡೆಯೋಣ ಎಂದು ಎಲ್ಲರೂ ಅಂದರು. ಹಾರೆಗಳು ಇಳಿಯುತ್ತಿದ್ದವು.

ಆಗ ಶಿವಲಿಂಗ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿದ. “ನಿಂದರ್ರಿ! ಎಲ್ಲಾ ಸಪ್ಪಳ ಬಂದ ಮಾಡ್ರಿ. ಮೊದಲ ಕೇಳೂಣು, ಅಣ್ಣ ಎಲ್ಲಿ ಅದಾನಂತ. ಆಮ್ಯಾಲ ಒಡೀರಿ.”

“ಏನ್ ಕೇಳ್ತಿಯೋ? ಇದೇನ ನಿನ್ನ ಸಮುದ್ರ ಏನು?” ಎಂದರು ಒಬ್ಬರು.

“ನೀರ ಎಲ್ಲೆರೆ ಇರಲಿ ಕಾಕಾ, ನೀರ.”

ಮಾವನವರು ಅವನ ಮುಖ ನೋಡಿದರು. ಆಮೇಲೆ ತಾವೇ ಹೋಗಿ ಎತ್ತಿನ ಕೊರಳ ಗಂಟೆ ಬಿಚ್ಚಿದರು. ಅಷ್ಟೇ ಸಾಕಾಯಿತು. ಗಡಗಡಿ ನಿಂತಿತು. ಹಾರೆಗಳನ್ನು ಮಣ್ಣಿನ ಮೇಲೆ ಮಲಗಿಸಿದರು. ಹೆಂಗಸರು ಸೆರಗಿನ ತುದಿಯನ್ನು ಬಳೆಗಳಿಗೆ ಸುತ್ತಿಕೊಂಡರು. ಎಲ್ಲಕ್ಕೂ ಕಷ್ಟವಾದದ್ದು ಅತ್ತೆಯ ಅಳುವನ್ನು ನಿಲ್ಲಿಸುವುದು. ಶಿವಲಿಂಗ ಅವರ ಎದುರು ಕುಕ್ಕರುಗಾಲಿನಲ್ಲಿ ಕೂತು, “ಯವ್ವಾ, ನೀ ಅತ್ರ ಅಂವಾ ಸತ್ತಂಗ ಆಗ್ತೈತಿ. ಸುಮ್ಮನಿರು, ಇದ್ದಾನೇನ ನೋಡೂಣು,” ಎಂದ. ಅತ್ತೆ ಸೆರಗನ್ನು ಬಾಯಲ್ಲಿ ತುರುಕಿಕೊಂಡರು.

ಅವನು ಒಂದು ಗಡಿಗೆ ತರಿಸಿ, ಅದರ ತಳವನ್ನು ನೀರಿಗೆ ಅರ್ಧ ಮುಳುಗಿಸಿ, ಬಾಯಿಗೆ ಕಿವಿ ಇಟ್ಟ. ಬಹಳ ಹೊತ್ತು ಇಟ್ಟ. ಮೇಲೆತ್ತಿದಾಗ ಅವನ ಮುಖ ಸಣ್ಣದಾಗಿತ್ತು. ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ ಹೇಳಿದ: “ನನ್ನ ಕಿವಿ ಬಾಯ್ಲರ್ ತಿಂದೈತಿ ವೈನಿ. ನನಗ ಆಗಾಂಗಿಲ್ಲ. ನೀವ ಬರ್ರಿ. ನೀವು ಹಾಡಿನ ಕಿವಿಯವ್ರು.”

ಅದು ನಿಜವಾಗಿತ್ತು. ಸಾಲೆಯ ಪ್ರಾರ್ಥನೆಯಲ್ಲಿ ಅಷ್ಟು ಹುಡುಗಿಯರು ಒಟ್ಟಿಗೆ ಹಾಡುವಾಗ ಯಾರ ದನಿ ಕೂದಲೆಳೆಯಷ್ಟು ಕೆಳಗಿಳಿಯಿತೆಂದು ಸಿಸ್ಟರ್ ನನ್ನನ್ನೇ ಕೇಳುತ್ತಿದ್ದರು. ನಾನು ಇಳಿದೆ. ಗಡಿಗೆಗೆ ಬಾಗಿದೆ. ಬಟ್ಟೆಯ ಸರಸರ ಬಿಟ್ಟರೆ ಏನೂ ಇಲ್ಲ. “ತಲಿ ಮ್ಯಾಲಿನ ಸೆರಗ ತಗೀರಿ ವೈನಿ. ಅರಿವಿಯೊಳಗಿಂದ ಕೇಳಾಂಗಿಲ್ಲ,” ಎಂದ ಶಿವಲಿಂಗ.

ನಾನು ತಲೆ ಎತ್ತಿ ನೋಡಿದೆ. ಮೇಲೆ ಬಾವಿಯ ಸುತ್ತ ಮಾವನವರು, ಅವರ ದಾಯಾದಿಗಳು, ಊರ ಹಿರಿಯರು. ಆ ಮನೆಗೆ ಬಂದಂದಿನಿಂದ ಮಾವನವರ ಎದುರು ನನ್ನ ಕಿವಿಯ ಬೆಂಡೋಲೆ ಕೂಡ ಕಂಡಿರಲಿಲ್ಲ. ಕೈ ಸೆರಗಿನ ಮೇಲೆಯೇ ನಿಂತುಬಿಟ್ಟಿತು. ಮಾವನವರಿಗೆ ಅರ್ಥವಾಯಿತು.

“ಎಲ್ಲಾರೂ ಹೊಳ್ಳಿ ನಿಂದರ್ರಿ,” ಎಂದರು. ಮೊದಲು ತಾವೇ ಬೆನ್ನು ತಿರುಗಿಸಿದರು.

ಒಬ್ಬೊಬ್ಬರಾಗಿ ಎಲ್ಲ ಗಂಡಸರೂ ಬಾವಿಗೆ ಬೆನ್ನು ಮಾಡಿ ನಿಂತರು. ಬಿಸಿಲಲ್ಲಿ ಸಾಲಾಗಿ ತಲೆಯ ಪಟಗಗಳು, ಬೆವರಿದ ಬೆನ್ನುಗಳು. ಒಬ್ಬರೂ ಕೆಮ್ಮಲಿಲ್ಲ. ಇಡೀ ಊರು ನನ್ನ ಎರಡು ಕಿವಿಗಳಿಗಾಗಿ ಆಚೆ ಮುಖ ಮಾಡಿ ನಿಂತ ಆ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ. ಸೆರಗು ಜಾರಿಸಿ ತಲೆ ಬಾಗಿಸಿದೆ.

“ಮೊದಲ ನಿಮ್ಮ ಸಪ್ಪಳನ ಕೇಳಸ್ತೈತಿ. ಅದು ತಣ್ಣಗಾಗೂ ತನಕಾ ಕಾಯ್ರಿ,” ಎಂದ ಶಿವಲಿಂಗ.

ಹೌದು, ಮೊದಲು ನನ್ನದೇ ಎದೆ. ಆಮೇಲೆ ಗೋಡೆಯಿಂದ ತೊಟ್ಟಿಕ್ಕುವ ಹನಿ, ಪ್ರತಿ ಹನಿಗೂ ಕಂಚಿನ ಬಟ್ಟಲಿಗೆ ಬೆರಳು ತಾಗಿದಂಥ ನಾದ. ಎಲ್ಲೋ ಒಂದು ಕಪ್ಪೆ ಕಾಲು ಎಳೆದದ್ದು. ನೀರು ಇಷ್ಟು ಮಾತಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಆ ಭಯದ ನಡುವೆಯೂ ನನಗೆ, ಹೇಳಿದರೆ ತಪ್ಪು ತಿಳಿಯಬೇಡಿ, ಮೈ ಜುಮ್ಮೆಂದಿತು. ದೇವರ ಮನೆಯೊಂದರ ಬಾಗಿಲು ತೆರೆದು ಇಣುಕಿದ ಹಾಗಿತ್ತು. ಆದರೆ ಮನುಷ್ಯರ ಸದ್ದು ಎನ್ನುವಂಥದ್ದು ಏನೂ ಇರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಶಿವಲಿಂಗ ಹಾರೆ ತೆಗೆದುಕೊಂಡು ನೀರೊಳಗಿನ ಮೆಟ್ಟಿಲಿಗೆ ಒಂದು ಏಟು ಹಾಕಿದ. ಕಿವಿ ಒಡೆದ ಹಾಗಾಯಿತು. ಆ ಸದ್ದು ಬಾವಿಯನ್ನೆಲ್ಲ ತುಂಬಿ ಆರಿತು. ಮತ್ತೆ ಹನಿ. ನಾನು ಒಂದು ಸಲ ಉಸಿರು ಒಳಗೆ ಎಳೆದು ಬಿಟ್ಟಿರಬೇಕು, ಅಷ್ಟರಲ್ಲಿ ಬಂತು.

ಟಕ್, ಟಕ್. ಎರಡು ಸಲ.

ಮೆಲ್ಲಗೆ. ಕಬ್ಬಿಣದ ಸದ್ದಲ್ಲ, ಕಲ್ಲಿಗೆ ಕಲ್ಲು ತಾಗಿದ್ದೂ ಅಲ್ಲ. ಒಳಗಿರುವವರ ನಿದ್ದೆ ಕೆಡದಿರಲಿ ಎಂದು ಬಾಗಿಲನ್ನು ಬೆರಳ ಗಿಣ್ಣಿನಿಂದ ಬಡಿದರೆ ಹೇಗಿರುತ್ತದೋ ಹಾಗೆ. ನಾನು ಬೆರಳೆತ್ತಿದೆ. ಶಿವಲಿಂಗ ಮತ್ತೆ ಒಂದು ಏಟು ಹಾಕಿದ. ಮತ್ತೆ ಅದೇ ಬಿಡುವು, ಅದೇ ಎರಡು ಬಡಿತ. ಗಡಿಗೆಯನ್ನು ಎತ್ತಿಕೊಂಡು, ಅಷ್ಟರೊಳಗೆ ಸೊಂಟದ ಮಟ್ಟಕ್ಕೆ ಇಳಿದಿದ್ದ ನೀರಿನಲ್ಲಿ ಒಂದೊಂದೇ ಗೋಡೆಗೆ ಹೋದೆ. ಎಲ್ಲರೂ ಹೇಳುತ್ತಿದ್ದ ಮೂಡಣ ಗೋಡೆಯಲ್ಲಿ ಅದು ಸವೆದು ಹೋದಂತೆ ಕೇಳಿಸಿತು. ತೆಂಕಣ ಗೋಡೆಯ ನಡುವೆ ಎಷ್ಟು ಸ್ಪಷ್ಟವಾಗಿತ್ತೆಂದರೆ ನಾನು ಬೆಚ್ಚಿ ಕಿವಿ ಎತ್ತಿದೆ.

ಸೆರಗು ಹೊದ್ದುಕೊಂಡು, “ಇಲ್ಲಿ” ಎಂದೆ.

ಗಿರಿಯಪ್ಪ ಒಪ್ಪಲಿಲ್ಲ. “ಯವ್ವಾ, ನೀರೆತ್ತೂ ಕಟ್ಟಿ ಭಾರ ಎಲ್ಲಾ ಈ ಗ್ವಾಡಿ ಮ್ಯಾಲ ಐತಿ. ಕಮಾನ ಆ ಕಡೆ ಐತಿ, ಮನಷ್ಯಾ ಈ ಕಡೆ ಹೆಂಗ ಬಂದಾನ? ಇದನ್ನ ಮುಟ್ಟಿದ್ರ ಎಲ್ಲಾರೂ ಹೋದ್ವಿ.” ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎಲ್ಲರೂ ಮಾವನವರ ಕಡೆ ನೋಡಿದರು. ಒಳಗಿದ್ದದ್ದು ಅವರ ಹಿರಿಯ ಮಗ. ಮಾವನವರು ಇಳಿದು ಬಂದು ತೆಂಕಣ ಗೋಡೆಗೆ ಅಂಗೈ ಇಟ್ಟು ನಿಂತರು. ನಂತರ ನನ್ನನ್ನು ನೋಡದೆ, ಗೋಡೆಗೇ ಹೇಳಿದಂತೆ ಹೇಳಿದರು: “ಆಕಿ ಕೇಳ್ಯಾಳ. ತಗೀರಿ.”

ಕಟ್ಟೆಗೆ ಮರದ ದಿಮ್ಮಿಗಳ ಆಸರೆ ಕೊಟ್ಟು ಒಂದೊಂದೇ ಕಲ್ಲು ಬಿಡಿಸಿದರು. ಹಿಂದೆ ಕತ್ತಲೆ ಕಂಡಿತು. ಆ ಕತ್ತಲೆಯಲ್ಲಿ ಕೆಸರು ಮೆತ್ತಿದ ಒಂದು ಮುಖ, ಅದರಲ್ಲಿ ಬೆಳ್ಳಗೆ ಎರಡು ಕಣ್ಣು. ಕಣ್ಣು ಮಿಟುಕಿತು. ಮೇಲೆ ಅತ್ತೆ ಸೆರಗನ್ನು ಬಾಯಿಂದ ತೆಗೆದು ಕೂಗಿದ ಕೂಗು ಸವದತ್ತಿಗೆ ಕೇಳಿಸಿದ್ದರೂ ಆಶ್ಚರ್ಯವಿಲ್ಲ.

ದಾರಿ ಕಮಾನಿನ ಒಳಗೆ ಹೋದ ಕೂಡಲೇ ಬಲಕ್ಕೆ ತಿರುಗಿ ತೆಂಕಣ ಗೋಡೆಯ ಬೆನ್ನಿಗೇ ಬಂದಿತ್ತು. ಅವರು ಅಲ್ಲಿ ಗೋಡೆಗೆ ಮುಖ ಮಾಡಿ, ಗುಡ್ಡದ ಬಂಡೆಗೆ ಬೆನ್ನು ಕೊಟ್ಟು, ಕುತ್ತಿಗೆಯ ತನಕ ಹೂಳಿನಲ್ಲಿ ಸಿಕ್ಕಿಕೊಂಡಿದ್ದರು. ಎಳೆದು ತೆಗೆಯಲು ಆಗಲಿಲ್ಲ, ಸುತ್ತಲಿನ ಕೆಸರನ್ನು ತಂಬಿಗೆಯಿಂದ ಮೊಗೆದು ಮೊಗೆದು ಬಿಡಿಸಬೇಕಾಯಿತು. ಕೈಗಳು ಮೈಗೆ ಒತ್ತಿ ಹೂತುಹೋಗಿದ್ದವು. ಹೊರಗೆ ತಂದ ಮೇಲೂ ಬೆರಳುಗಳಿಗೆ ಜೀವ ಬರಲು ಎಷ್ಟೋ ಹೊತ್ತು ಹಿಡಿಯಿತು. ಆ ಕೈಗಳನ್ನು ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕಿದವಳು ನಾನೇ. ತಿಕ್ಕುತ್ತ ತಿಕ್ಕುತ್ತ ನನಗೆ ಹೊಳೆಯಿತು.

“ಯಾತರಿಂದ ಬಡದ್ರಿ?” ಎಂದು ಕೇಳಿದೆ.

“ನಾ ಎಲ್ಲಿ ಬಡದೆ?” ಎಂದರು. “ಕೈ ಅದಾವೋ ಇಲ್ಲೋ ಅಂತನೂ ನನಗ ಗೊತ್ತಿರಲಿಲ್ಲ.”

“ಮತ್ತ ಆ ಸಪ್ಪಳ?”

ಅವರು ನನ್ನ ಕಡೆ ತಿರುಗಿದರು. “ಅದನ್ನ ನೀನೂ ಕೇಳಿದಿ? ಮುಂದಿಂದ ಒಂದು ದೊಡ್ಡ ಏಟು ಬಂತು. ನೀವ ಅಂತ ತಿಳೀತು. ಬಾಯಿ ತೆರದ್ರ ಕೆಸರು, ಓ ಅನ್ನಾಕ ಬರ್ಲಿಲ್ಲ. ಆವಾಗ ನನ್ನ ಬೆನ್ನ ಹಿಂದಿಂದ ಯಾರೋ ಎರಡ ಸಲ ಬಡದ್ರು. ಪ್ರತಿ ಸಲಾನೂ. ನನ್ನ ಕೂಡ ಮತ್ತೊಬ್ರು ಯಾರೋ ಸಿಕ್ಕೊಂಡಾರಂತ ತಿಳಕೊಂಡೆ. ಅವ್ರನ್ನೂ ತಗದ್ರಿಲ್ಲೋ?”

ಮರುದಿನ ಗಿರಿಯಪ್ಪ ದೀಪ ಹಿಡಿದು ಒಳಗೆ ಹೋಗಿ ಆ ಜಾಗವನ್ನೆಲ್ಲ ನೋಡಿದರು. ನಮ್ಮ ಮನೆಯವರ ಬೆನ್ನಿದ್ದ ಕಡೆ ಗುಡ್ಡದ ಇಡಿಬಂಡೆ. ಬಿರುಕಿಲ್ಲ, ಪೊಟರೆಯಿಲ್ಲ. ಸುತ್ತಿಗೆಯಿಂದ ಬಡಿದು ನೋಡಿದರೆ ಗಟ್ಟಿ. ಅದರ ಹಿಂದೆ ಇಡೀ ಗುಡ್ಡ.

ಪ್ರತಿಧ್ವನಿ ಇರಬಹುದೆಂದು ನಾನು ಶಿವಲಿಂಗನನ್ನು ಕೇಳಿದೆ, ಅವನೇ ಹೇಳಿದ್ದನಲ್ಲ, ಕಳಿಸಿದ ಸದ್ದು ಹೊಳ್ಳಿ ಬರುತ್ತದೆಂದು. ಅವನು ತಲೆ ಅಲ್ಲಾಡಿಸಿದ. “ಅದು ಸಮುದ್ರದಾಗ, ದೂರ ಇದ್ರ. ಇಷ್ಟ ಸಣ್ಣ ಬಾವ್ಯಾಗ ಹೋದ ಸಪ್ಪಳ ಕಣ್ಣ ಮಿಟಕೂದ್ರಾಗ ಹೊಳ್ಳಿ ಬಂದ್ಬಿಡ್ತೈತಿ, ಎರಡೂ ಕೂಡೇ ಕೇಳಸ್ತಾವ. ಉಸಿರ ಬಿಡೂ ತನಕಾ ಕಾಯಾಂಗಿಲ್ಲ. ಮತ್ತ ನಾ ಕಳಿಸಿದ್ದು ಒಂದರಿ ವೈನಿ. ಒಂದು ಹೋಗಿ ಎರಡ ಆಗಿ ಹೆಂಗ ಬರ್ತೈತಿ?” ಆಮೇಲೆ ಎಷ್ಟೋ ದಿನ ಅವನು ಮೆಟ್ಟಿಲಿಗೆ ಏಟು ಹಾಕಿದ, ನಾನು ಗಡಿಗೆಗೆ ಕಿವಿ ಇಟ್ಟೆ. ಹನಿ, ಕಪ್ಪೆ, ನನ್ನ ಎದೆ. ಅಷ್ಟೇ.

ಕಲ್ಲು ಜರುಗಿದ್ದಿರಬಹುದು, ಗಾಳಿಯ ಗುಳ್ಳೆ ಒಡೆದದ್ದಿರಬಹುದು ಎಂದು ತಿಳಿದವರು ಹೇಳಿದ್ದಾರೆ. ಇರಬಹುದು. ಆದರೆ ಕಲ್ಲೂ ಗುಳ್ಳೆಯೂ ನಮ್ಮ ಏಟಿಗೆ ಕಾದು, ಪ್ರತಿ ಸಲವೂ ಅಷ್ಟೇ ಬಿಡುವು ಕೊಟ್ಟು, ಅಷ್ಟೇ ಮೆಲ್ಲಗೆ ಎರಡು ಸಲ ಬಡಿಯುತ್ತವೆಯೇ? ಅತ್ತೆ ಅದನ್ನು ಯಲ್ಲಮ್ಮನ ಕೈ ಎಂದು ನಂಬಿ ಕಾಯಿ ಒಡೆಸಿ ಬಂದರು. ತವರಿಗೆ ಹೋದಾಗ ನನ್ನ ಹಳೆಯ ಸಿಸ್ಟರಿಗೆ ಎಲ್ಲ ಹೇಳಿದೆ. ಅವರು ದೇವದೂತರ ಮಾತು ತೆಗೆದಾರೆಂದು ಎಣಿಸಿದ್ದೆ. ತೆಗೆಯಲಿಲ್ಲ. ಕೇಳಿಸಿದ್ದನ್ನು ಕೇಳಿಸಿತು ಎಂದು ಹೇಳು, ಅದಕ್ಕಿಂತ ಹೆಚ್ಚು ಹೇಳಬೇಡ, ಕಡಿಮೆಯನ್ನೂ ಹೇಳಬೇಡ ಎಂದರು. ಆ ಮಾತಿಗೆ ತಪ್ಪದೆ ಬರೆದಿದ್ದೇನೆ.

ಒಂದು ಮಾತು ಮಾತ್ರ ಉಳಿಯುತ್ತದೆ. ಆ ಬಂಡೆಯ ಕಡೆಯಿಂದ ಹೊರಟ ಸದ್ದು ನನ್ನ ಕಿವಿಗೆ ಮುಟ್ಟಬೇಕಾದರೆ ನಡುವೆ ಇದ್ದದ್ದು ಒಂದಿಷ್ಟು ಕೆಸರು, ಒಂದು ಗೋಡೆ, ಮತ್ತು ನಮ್ಮ ಮನೆಯವರು. ಬೇರೆ ದಾರಿ ಇರಲಿಲ್ಲ. ಅಂದರೆ ಅದು ಅವರ ಬೆನ್ನಿನಿಂದ ಒಳಹೊಕ್ಕು, ಅವರ ಎದೆಯನ್ನು ದಾಟಿ ನನ್ನ ಹತ್ತಿರ ಬಂದಿತ್ತು. ಬಡಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.